ಸಪ್ಪಳವಿಲ್ಲದ ಗಿರಣಿ

ಮಾಂತೇಶ ಹ್ಯಾಂಡಲ್ಲಿಗೆ ಮೈಭಾರವನ್ನೆಲ್ಲ ಹಾಕಿ ಗರಗರ ತಿರುಗಿಸಿದ. ವೇಗ ಸಿಕ್ಕಿತೆನ್ನುವಾಗ ಎಡಗೈಯಿಂದ ಇಂಜಿನ್ನಿನ ನೆತ್ತಿಯ ಮೇಲಿನ ಕೀಲನ್ನು ಬಡಿದು ಬಿಟ್ಟ. ಇಂಜಿನ್ನು ಒಮ್ಮೆ ಸೀನಿತು, ಕೆಮ್ಮಿತು, ನಿಂತೇಹೋಯಿತು ಎನ್ನುವಷ್ಟರಲ್ಲಿ ಹಿಡಿದುಕೊಂಡಿತು. ಹೊಗೆಯ ಕೊಳವೆ ತಗಡು ತೂರಿ ಮೇಲೆದ್ದ ಕಡೆ ಬೋರಲು ಬಿಗಿದಿದ್ದ ತಾಮ್ರದ ತಂಬಿಗೆ ಕುಕ್ಕೂ ಕುಕ್ಕೂ ಎಂದು ಕೂಗತೊಡಗಿತು.

“ಪಟ್ಟಾ ಹಾಕಬ್ಯಾಡ ಮತ್ತ,” ಎಂದಳು ನಾಗರತ್ನಾ.

“ಅದನ್ನೂ ಹೇಳಿಕೊಡು ವೈನಿ. ಗಿರಣ್ಯಾಗ ಹುಟ್ಟಿದಂವಗ ಗಿರಣಿ ಕಲಸು,” ಎಂದ ಮೈದುನ. ಹ್ಯಾಂಡಲ್ಲನ್ನು ಹೆಗಲ ಮೇಲಿಟ್ಟುಕೊಂಡು, ಬಯಲಾಟದಲ್ಲಿ ಗದೆ ಹೊತ್ತವನ ಗತ್ತಿನಲ್ಲಿ ಬಾಗಿಲಿಗೆ ಬಂದು ನಿಂತ.

ಇಂಜಿನ್ನು ಯಾವುದನ್ನೂ ತಿರುಗಿಸುತ್ತಿರಲಿಲ್ಲ. ಅದನ್ನು ಕಲ್ಲಿಗೆ ಜೋಡಿಸುವ ಪಟ್ಟಾ ಗೋಡೆಯ ಗೂಟಕ್ಕೆ ಜೋತುಬಿದ್ದಿತ್ತು. ದೊಡ್ಡ ಕಲ್ಲಿನ ಮೇಲೆ ಗೋಣಿಚೀಲ ಹೊದಿಸಿತ್ತು. ಜೋಳ ಬೀಸುವ ಯಂತ್ರ ಬೇರೆಯೇ ಇತ್ತು. ಹಸಿರು ಬಣ್ಣದ, ಎದೆಮಟ್ಟದ ಆ ಯಂತ್ರ ಕಿಟಕಿಯ ಪಕ್ಕದಲ್ಲಿ, ಮದುವೆಮನೆಯಲ್ಲಿ ಯಾರ ಗುರುತೂ ಇಲ್ಲದೆ ಮೂಲೆ ಹಿಡಿದ ನೆಂಟನ ಹಾಗೆ ನಿಂತಿತ್ತು. ಮಾಡಿನ ಮೇಲಿನ ಸೋಲಾರ್ ಫಲಕಗಳಿಂದ ಇಳಿದ ವಾಯರು ಅದರ ಬೆನ್ನು ಸೇರಿತ್ತು. ಗುಂಡಿ ಒತ್ತಿದರೆ ಅದು ತಿರುಗುತ್ತಿತ್ತು. ತಿರುಗುತ್ತಿದೆ ಎಂದು ತಿಳಿಯಬೇಕಾದರೆ ಅದರ ಮೈಮೇಲೆ ಕೈಯಿಟ್ಟು ನೋಡಬೇಕಿತ್ತು.

ತಂಬಿಗೆಯ ಕೂಗು ಓಣಿ ದಾಟಿತು, ಕೆಳಗಿನ ಹಳ್ಳ ದಾಟಿತು. ಸ್ವಲ್ಪ ಹೊತ್ತಿಗೆ ರಾಯವ್ವ ಜೋಳದ ಡಬ್ಬಿಯನ್ನು ಸೊಂಟಕ್ಕೇರಿಸಿಕೊಂಡು ಬಂದಳು. ಅವಳ ಹಿಂದೆ ಇನ್ನಷ್ಟು ಹೆಂಗಸರು ಬುಟ್ಟಿ, ಚೀಲ, ಸ್ಟೀಲಿನ ಪಾತ್ರೆ ಹಿಡಿದು ಬಂದರು. ಬಾಗಿಲು ತುಂಬುತ್ತಿದ್ದಂತೆ ಮಾಂತೇಶ ಇಂಜಿನ್ ನಿಲ್ಲಿಸಿದ. ನಾಗರತ್ನಾ ಹಸಿರು ಯಂತ್ರದ ಗುಂಡಿ ಒತ್ತಿದಳು.

“ಮಾಂತೇಶಪ್ಪಾ, ನಂದು ಸಣ್ಣಗ ಬೀಸಿಸಪಾ. ಹೋದ ಸಲ ರೊಟ್ಟಿ ಬಡಿಯೂದ್ರಾಗ ಹರದ್ಹರದ ಹೋದ್ವು,” ಎಂದಳು ರಾಯವ್ವ.

ಬೀಸುವವಳು ಅವಳ ಎದುರಿಗೇ, ಹಿಟ್ಟಿನ ಚೀಲದ ಬಾಯಿ ಹಿಡಿದು ನಿಂತಿದ್ದಳು. ರಾಯವ್ವನಲ್ಲಿ ಕೆಡುಕೇನೂ ಇರಲಿಲ್ಲ. ಗಿರಣಿ ಮಾಂತೇಶನದು ಎಂದು ಅವಳ ಬಾಯಿಗೆ ರೂಢಿಯಾಗಿತ್ತು, ಅಷ್ಟೆ. ಮಾಂತೇಶ ತಕ್ಕಡಿಯ ಪಕ್ಕದ ಪೆಟ್ಟಿಗೆಯ ಮೇಲೆ ಕುಳಿತು, ಡಬ್ಬಿ ತೂಗಿ, “ವೈನಿ, ಸಣ್ಣಗಂತ,” ಎಂದು ಅತ್ತ ತಿರುಗದೆಯೇ ಹೇಳಿದ.

ಕರಿಮಡ್ಡಿ ಮನೋಳಿಯಿಂದ ಮೇಲಕ್ಕೆ, ಗುಡ್ಡದ ಹೆಗಲಿಗೆ ಅಂಟಿಕೊಂಡ ಊರು. ಅದರ ನೆತ್ತಿಯ ಮೇಲೆ ಸಾಲಾಗಿ ಗಾಳಿ ಫ್ಯಾನುಗಳು ತಿರುಗುತ್ತವೆ. ಫ್ಯಾನಿನ ಕರೆಂಟು ಊರಿನ ತಲೆಯ ಮೇಲಿನಿಂದಲೇ ದಪ್ಪ ತಂತಿಗಳಲ್ಲಿ ಎಲ್ಲಿಗೋ ಹೋಗುತ್ತದೆ. ಊರಿಗೆ ಬರುವ ಕರೆಂಟು ಇನ್ನೆಲ್ಲಿಂದಲೋ ಸಣ್ಣ ತಂತಿಗಳಲ್ಲಿ ಬರುತ್ತದೆ. ಫ್ಯಾನುಗಳು ಜೋರಾಗಿ ತಿರುಗುವಷ್ಟು ಗಾಳಿ ಬೀಸಿದ ದಿನವೇ ಆ ಸಣ್ಣ ತಂತಿಗಳು ಹರಿದು ಬೀಳುತ್ತವೆ. ನಾಗರತ್ನಾಳ ಗಂಡ ಮಡಿವಾಳೆಪ್ಪ ಆ ಫ್ಯಾನುಗಳ ಕಾವಲುಗಾರ. ಕಟ್ಟೆಯ ಮೇಲಿನ ಮಂದಿ ಅವನನ್ನು ಕಂಡಾಗಲೆಲ್ಲ, “ಏ ಮಡಿವಾಳೆಪ್ಪಾ, ಒಂದ ವಾಯರ್ ಕೆಳಗ ಇಳಿಬಿಡಪಾ, ನಿಮ್ಮ ಸಾಹೇಬ್ರಿಗೇನ್ ಗೊತ್ತಾಕ್ಕೈತಿ,” ಎನ್ನುತ್ತಾರೆ. ಅವನು ನಗುತ್ತಾನೆ. ಹೀಗಾಗಿ ಸುತ್ತಲಿನ ಊರುಗಳಲ್ಲೆಲ್ಲ ಕರೆಂಟಿನ ಗಿರಣಿ ಬಂದು ಎಷ್ಟೋ ಕಾಲವಾದರೂ ಕರಿಮಡ್ಡಿಯಲ್ಲಿ ಮಾತ್ರ ಡೀಸೆಲ್ ಇಂಜಿನ್ನೇ ಉಳಿದಿತ್ತು.

ಇಂಜಿನ್ ತಂದವನು ನಾಗರತ್ನಾಳ ಮಾವ. ಕೊಳವೆಯ ಬಾಯಿಗೆ ತಂಬಿಗೆ ಕಟ್ಟಿದವನೂ ಅವನೇ. ಮಾವ ತೀರಿಕೊಂಡ ಮೇಲೆ ಅಣ್ಣತಮ್ಮಂದಿರ ವಾಟ್ನಿಯಾಯಿತು. ಬಾವಿಯಿದ್ದ ಹೊಲ ಮಾಂತೇಶನಿಗೆ, ಗಿರಣಿ ಮಡಿವಾಳೆಪ್ಪನಿಗೆ. ಆದರೆ ಒಂದು ಸಲ ಮಡಿವಾಳೆಪ್ಪ ಹ್ಯಾಂಡಲ್ ಹೊಡೆಯುವಾಗ ಇಂಜಿನ್ನು ತಿರುಗಿ ಒದೆಯಿತು. ಮುಂಗೈ ಮುರಿಯಿತು, ಕೂಡಿತು, ಸೊಟ್ಟಗೆ ಕೂಡಿತು. ಆಮೇಲೆ ಹ್ಯಾಂಡಲ್ ಹೊಡೆಯಲು ಮಾಂತೇಶ ಬೇಕಾದ. ಮೊದಲು ಹೊಡೆದು ಹೋಗುತ್ತಿದ್ದ. ಬರುಬರುತ್ತಾ ಹೊಡೆದು ಕೂತ. ಹಿಟ್ಟು ಬಳಿಯುವುದು, ಸವೆದ ಕಲ್ಲಿಗೆ ಟಾಕಿ ಹಾಕಿಸಿ ಹರಿತ ಮಾಡಿಸುವುದು, ಡೀಸೆಲ್ ತರಿಸುವುದು ನಾಗರತ್ನಾಳ ಪಾಲಿಗಾಯಿತು. ತಕ್ಕಡಿಯ ಪೆಟ್ಟಿಗೆ ಅವನ ಪಾಲಿಗೆ. ಊರಿನವರು ಇದಕ್ಕೊಂದು ಮಾತನ್ನೂ ಮಾಡಿಕೊಂಡರು: ಹ್ಯಾಂಡಲ್ ಯಾರ ಕೈಯಾಗೋ ಗಿರಣಿ ಅವರದು. ಅದನ್ನು ಯಾರೂ ಸಿಟ್ಟಿನಿಂದ ಹೇಳುತ್ತಿರಲಿಲ್ಲ. ಹೊಳೆ ಇಳಿಜಾರಿಗೆ ಹರಿಯುತ್ತದೆ ಎನ್ನುವ ದನಿಯಲ್ಲಿ ಹೇಳುತ್ತಿದ್ದರು.

ಯುಗಾದಿ ಕಳೆದ ಮೇಲೆ ಶೈಲಶ್ರೀ ಬಂದಳು. ಬೈಲಹೊಂಗಲದ ಹುಡುಗಿ, ಸೋಲಾರ್ ಯಂತ್ರಗಳನ್ನು ಹಳ್ಳಿಗಳಿಗೆ ಹಂಚುವ ಒಂದು ಸಂಸ್ಥೆಯಲ್ಲಿ ಕೆಲಸ. ಮಹಿಳಾ ಸಂಘದ ಸಭೆಯಲ್ಲಿ ಮೊಬೈಲಿನಲ್ಲಿ ವೀಡಿಯೋ ತೋರಿಸಿ, “ಬಿಸಲಿದ್ರ ಸಾಕ್ರಿ ಅಕ್ಕಾರ, ಗುಂಡಿ ಒತ್ತೂದು, ಬೀಸೂದು. ಯಾರ್ ನಡಸ್ತೀರಿ?” ಎಂದು ಕೇಳಿದಳು. ಅವಳ ಮಾತು ಮುಗಿಯುವ ಮೊದಲೇ ಒಂದು ಕೈ ಮೇಲೆದ್ದಿತ್ತು. ಅದು ತನ್ನದೇ ಎಂದು ಗೊತ್ತಾದಾಗ ನಾಗರತ್ನಾಳಿಗೂ ಸ್ವಲ್ಪ ಆಶ್ಚರ್ಯವಾಯಿತು. ಗುಂಡಿ ಒತ್ತೂದು ಎಂಬ ಮಾತೊಂದೇ ಅವಳ ಕಿವಿಯಲ್ಲಿ ಉಳಿದಿತ್ತು. ಗುಂಡಿ ಒತ್ತಲು ಮೈದುನ ಬೇಕಾಗುವುದಿಲ್ಲ.

ಸಂಸ್ಥೆಯ ಕರಾರು ಸರಳವಿತ್ತು. ದೀಪಾವಳಿಯವರೆಗೆ ನೋಡುವುದು. ಊರಿನ ಜೋಳ ಆ ಯಂತ್ರದಲ್ಲಿ ಬೀಸಿದರೆ ಅದು ನಾಗರತ್ನಾಳಿಗೆ. ಇಲ್ಲವಾದರೆ ಸುರೇಬಾನದ ಸಂಘದವರು ಕೇಳಿ ಕಾದಿದ್ದಾರೆ, ಅಲ್ಲಿಗೆ.

ಯಂತ್ರ ಬಂತು. ಪೂಜೆಯಾಯಿತು. ಕುಂಕುಮ ಹಚ್ಚಿದರು, ಕಾಯಿ ಒಡೆದರು. ಮರುದಿನ ನಾಗರತ್ನಾ ಬಾಗಿಲು ತೆರೆದು, ಗುಂಡಿ ಒತ್ತಿ, ತಕ್ಕಡಿಯ ಪೆಟ್ಟಿಗೆಯ ಮೇಲೆ ಕುಳಿತಳು. ಆ ಪೆಟ್ಟಿಗೆಯ ಮೇಲೆ ಅವಳು ಕುಳಿತದ್ದು ಅದೇ ಮೊದಲು. ಬಿಸಿಲು ಚೆನ್ನಾಗಿತ್ತು. ಯಾರೂ ಬರಲಿಲ್ಲ.

ಅದರ ಮರುದಿನವೂ ಬರಲಿಲ್ಲ. ಮನೆಯ ಜೋಳವನ್ನೇ ಹಾಕಿ ಬೀಸಿದಳು. ಅತ್ತೆ ಕೆಂಚವ್ವ ಹಿಟ್ಟನ್ನು ಬೆರಳಲ್ಲಿ ಉಜ್ಜಿ ನೋಡಿ, “ಹಿಟ್ಟೇನೋ ಚಲೋ ಐತಿ, ತಿನ್ನಾಕ ಊರ ಇಲ್ಲ,” ಎಂದಳು.

ವಾರ ಕಳೆದ ಮೇಲೆ ರಾಯವ್ವ ಡಬ್ಬಿ ಹೊತ್ತು ಗಿರಣಿಯ ಮುಂದಿನಿಂದಲೇ ಮನೋಳಿಯ ಟೆಂಪೋ ಹಿಡಿಯಲು ಹೊರಟಿದ್ದಳು. ನಾಗರತ್ನಾ ಹೊರಗೆ ಬಂದು ತಡೆದಳು.

“ಎಲ್ಲಿಗ್ ಹೊಂಟಿ ಯಕ್ಕಾ, ಗಿರಣಿ ದಾಟಿ?”

“ಮನೋಳಿಗವಾ. ಜ್ವಾಳ ಬೀಸಬೇಕಲ್ಲ.”

“ಮತ್ತಿಲ್ಲೇನ್ ಬೀಸಾಕ ಹತ್ತೇನಿ ನಾ?”

ರಾಯವ್ವ ನಿಂತು ಒಳಗೆ ಇಣುಕಿದಳು. ಯಂತ್ರವನ್ನು ನೋಡಿದಳು, ಮಾಡಿನ ಕಡೆ ನೋಡಿದಳು. “ಅಯ್ಯ, ಚಾಲೂ ಐತೇನ ಇದು? ಸಪ್ಪಳನ ಇಲ್ಲಲ್ಲವಾ! ನಾವು ದಿನಾ ಕಿವಿಗೊಟ್ಟು ಕುಂದರತೇವಿ, ಕೂಗಲೇ ಇಲ್ಲ. ಕೆಟ್ಟೈತಿ ಅಂತ ತಿಳಕೊಂಡ್ವಿ.”

ಕರಿಮಡ್ಡಿಯಲ್ಲಿ ಯಾರೂ ಗಡಿಯಾರ ನೋಡಿ ಗಿರಣಿಗೆ ಹೋದವರಲ್ಲ. ಕೂಗು ಕೇಳಿದರೆ ಗಿರಣಿ ಇದೆ, ಕೇಳದಿದ್ದರೆ ಇಲ್ಲ. ಮಾವ ತಂಬಿಗೆ ಕಟ್ಟಿದಂದಿನಿಂದ ಹೊಲದಲ್ಲಿ ಕಳೆ ಕೀಳುವವರು, ಹಳ್ಳದಲ್ಲಿ ಬಟ್ಟೆ ಒಗೆಯುವವರು ಆ ದನಿಯಿಂದಲೇ ದಿನವನ್ನು ಹೊಂದಿಸಿಕೊಂಡಿದ್ದರು. ನಾಗರತ್ನಾ ಸಂಘದ ಸಭೆಯಲ್ಲಿ ಹೇಳಿದಳು, ನಳದ ಹತ್ತಿರ ಹೇಳಿದಳು: ಸೋಲಾರಿಗೆ ಸಪ್ಪಳ ಇರುವುದಿಲ್ಲ, ಬಿಸಿಲಿದ್ದರೆ ಬಂದುಬಿಡಿ. ಎಲ್ಲರೂ ಹೂಂ ಎಂದರು. ಮರುದಿನ ಎಲ್ಲರೂ ಕಿವಿಗೊಟ್ಟು ಕುಳಿತರು, ಕೂಗಲಿಲ್ಲ, ಬರಲಿಲ್ಲ.

“ಮನಿ ಮನಿಗೆ ಹೋಗಿ ಹೇಳಿಬರತೇನಿ ಅತ್ತಿ,” ಎಂದಳು ಒಂದು ಮುಂಜಾನೆ.

ಕೆಂಚವ್ವ ಎಲೆಯಡಿಕೆಯ ಚೀಲವನ್ನು ಪಕ್ಕಕ್ಕಿಟ್ಟಳು. “ಬಾಗಲಾ ಬಾಗಲಾ ನಿಂತು ಜ್ವಾಳ ತರ್ರೆವಾ ಅಂತೀಯೇನ? ಜೋಗಮ್ಮಗೋಳ ಪಡ್ಡಲಗಿ ಬುಟ್ಟಿ ಒಂದು ಕೊಡತೇನಿ ತಡಿ, ಎಲ್ಲವ್ವನ ಹೆಸರ ಹೇಳಿಕೋತ ಹೋಗು. ನಮ್ಮ ಮನಿಯಾಗ ಕಾಳು ತಾನಾಗಿ ನಡಕೊಂಡು ಬಂದೈತಿ. ನಾವು ಕೇಳಾಕ ಹೋಗಿಲ್ಲ.”

ಅಲ್ಲಿಗೆ ಆ ಮಾತು ಮುಗಿಯಿತು.

ತಿಂಗಳು ಕಳೆಯಿತು. ಮಾಂತೇಶ ರಾಮದುರ್ಗದ ಗುಜರಿಯವನನ್ನು ಕರೆದುಕೊಂಡು ಬಂದ. ಇಂಜಿನ್ನು ಸುಮ್ಮನೆ ತುಕ್ಕು ಹಿಡಿಯುವುದಕ್ಕಿಂತ ಮಾರಿದರಾಯಿತು ಎಂದು ಅಣ್ಣನನ್ನು ಒಪ್ಪಿಸಿದ್ದ. ಇನ್ನೂ ಜೀವ ಇದೆ ಎಂದು ತೋರಿಸಲು ಹ್ಯಾಂಡಲ್ ಹೊಡೆದ. ತಂಬಿಗೆ ಕೂಗಿತು. ಗುಜರಿಯವನು ಇಂಜಿನ್ನಿನ ಸುತ್ತ ಒಂದು ಸುತ್ತು ಬಂದು, ಎರಡನೆಯ ಸುತ್ತು ಬರುವಷ್ಟರಲ್ಲಿ ಬಾಗಿಲಿಗೆ ಹೆಂಗಸರು ಬಂದರು. ಹಳ್ಳದಿಂದ, ಹೊಲದಿಂದ, ಮೇಲಿನ ಓಣಿಯಿಂದ. ಡಬ್ಬಿ, ಬುಟ್ಟಿ, ಚೀಲ. “ರಿಪೇರಿ ಆತೇನವಾ? ಮನೋಳಿಗೆ ಹೋಗಿ ಹೋಗಿ ಕಾಲ ಬಿದ್ದ ಹೋಗಿದ್ವು!”

ನಾಗರತ್ನಾ ಎದ್ದು ಹಸಿರು ಯಂತ್ರದ ಗುಂಡಿ ಒತ್ತಿದಳು. ಗುಜರಿಯವನು ಚಹಾ ಕುಡಿದು ಬರಿಗೈಯಲ್ಲಿ ರಾಮದುರ್ಗದ ಬಸ್ಸು ಹತ್ತಿದ.

ಹೀಗೆ ಒಂದು ಪದ್ಧತಿ ಬಿತ್ತು. ಮುಂಜಾನೆ ಬಿಸಿಲೇರಿದ ಮೇಲೆ ಮಾಂತೇಶ ಬಂದು ಇಂಜಿನ್ ಹೊಡೆಯುವುದು. ಅದು ಯಾವುದನ್ನೂ ಬೀಸದೆ ಬರೀ ಕೂಗುವುದು. ಮಂದಿ ನೆರೆದ ಮೇಲೆ ನಿಲ್ಲಿಸುವುದು. ಆಮೇಲೆ ಬಿಸಿಲಿನಿಂದ ಬೀಸುವುದು. ಮೊದಮೊದಲು ಮಾಂತೇಶ ಹೊಡೆದು ಹೋಗುತ್ತಿದ್ದ. ಬರುಬರುತ್ತಾ ಹೊಡೆದು ಕೂತ.

ಶ್ರಾವಣದ ಒಂದು ದಿನ ಶೈಲಶ್ರೀ ಹೇಳದೆ ಬಂದಳು. ಒಳಗೆ ಕಾಲಿಟ್ಟವಳೇ ಮೂಗು ಮುಚ್ಚಿಕೊಂಡಳು.

“ಡೀಸೆಲ್ ನಾರಾಕ ಹತ್ತೇತಲ್ರಿ ಅಕ್ಕಾ.”

ನಾಗರತ್ನಾ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಶೈಲಶ್ರೀ ಮೊದಲು ನಕ್ಕಳು. ಸೋಲಾರ್ ಗಿರಣಿಗೆ ಜನರನ್ನು ಕರೆಯಲು ಡೀಸೆಲ್ ಸುಡುವುದು ಅವಳಿಗೆ ತಮಾಷೆಯಾಗಿ ಕಂಡಿತು. ನಕ್ಕಾದ ಮೇಲೆ, ಇದನ್ನು ವರದಿಯಲ್ಲಿ ಹೇಗೆ ಬರೆಯುವುದು ಎಂಬುದು ಹೊಳೆದು ನಗು ನಿಂತಿತು. ಕಡೆಗೆ ಮೊಬೈಲ್ ತೆಗೆದಳು.

“ಸಪ್ಪಳ ಬೇಕು, ಅಷ್ಟ ಹೌದಲ್ರಿ? ರೆಕಾರ್ಡ್ ಮಾಡಿಕೊಳ್ಳೋಣು. ಸ್ಪೀಕರಿಗೆ ಹಾಕೋಣು. ಅಣ್ಣಾರ, ಛಲೋತ್ನಾಗಿ ಜೋರ ಹೊಡೀರಿ. ಪಟ್ಟಾನೂ ಹಾಕ್ರಿ, ಖರೇ ಬೀಸಿದಂಗ ಬರಲಿ.”

ಮಾಂತೇಶ ಗೋಣಿಚೀಲ ತೆಗೆದು, ಪಟ್ಟಾ ಹಾಕಿ, ಹ್ಯಾಂಡಲ್ ಹೊಡೆದು, ದೊಡ್ಡ ಕಲ್ಲಿಗೆ ಗೋಧಿ ಸುರಿದ. ಇಂಜಿನ್ನು ಎದೆಯಿಂದ ಕೂಗಿತು. ಶೈಲಶ್ರೀ ಅಂಗಳದಲ್ಲಿ ಮೊಬೈಲನ್ನು ಎತ್ತಿ ಹಿಡಿದು ನಿಂತಳು. ಮುಂದಿನ ವಾರ ತಗಡಿನ ಮೇಲೆ, ತಂಬಿಗೆಯ ಪಕ್ಕದಲ್ಲಿ, ಒಂದು ಸ್ಪೀಕರು ಬಂದು ಕೂತಿತು. ಅದಕ್ಕೆ ಅದರದೇ ಬ್ಯಾಟರಿ. ಮುಂಜಾನೆ ತಾನಾಗಿ ಶುರುವಾಗಿ ಮಧ್ಯಾಹ್ನ ತಾನಾಗಿ ನಿಲ್ಲುವ ಹಾಗೆ ಸಮಯ ಕಟ್ಟಿದ್ದರು.

ಸ್ಪೀಕರು ಕೂಗಿತು. ಯಾರೂ ಬರಲಿಲ್ಲ.

ನಾಗರತ್ನಾ ನಳಕ್ಕೆ ಹೋದಾಗ ರಾಯವ್ವನೇ ಸಿಕ್ಕಳು. “ಏನ್ ಗದ್ದಲವಾ ನಿಮ್ಮ ಗಿರಣ್ಯಾಗ! ಮುಂಜಾನಿಂದ ನೋಡತೇನಿ, ಒಂದ ಸವನ ಭಾರ ಎಳದಂಗ ಕೂಗಾಕ ಹತ್ತೈತಿ. ಪಾಳಿ ಕಡಿಮಿ ಆಗಲಿ ಅಂತ ಕುಂತೇನಿ.”

ಖಾಲಿ ಇಂಜಿನ್ನಿನ ಕೂಗು ಹಗುರ, ಹಾರುವಂಥದು. ಕಲ್ಲಿಗೆ ಕಾಳು ಬಿದ್ದರೆ ದನಿ ದಪ್ಪವಾಗಿ ತಡೆತಡೆದು ಬರುತ್ತದೆ. ಊರಿನ ಹೆಂಗಸರು ಮನೆಯಲ್ಲಿ ಕುಳಿತೇ ಗಿರಣಿಯ ಪಾಳಿಯನ್ನು ಅಳೆಯುತ್ತಿದ್ದರು. ನಾಗರತ್ನಾಳೂ ಗಿರಣಿಗೆ ಸೊಸೆಯಾಗಿ ಬರುವ ಮೊದಲು ಹೊಸೂರಿನ ತವರಿನಲ್ಲಿ ಹಾಗೆಯೇ ಅಳೆದವಳು. ಗಿರಣಿಯ ಒಳಗೆ ನಿಂತು ನಿಂತು ಅದು ಹೊರಗೆ ಹೇಗೆ ಕೇಳುತ್ತದೆ ಎಂಬುದನ್ನೇ ಮರೆತಿದ್ದಳು. ಈಗ ತಗಡಿನ ಮೇಲಿನ ಸ್ಪೀಕರು ಊರಿಗೆಲ್ಲ ಒಂದೇ ಸುದ್ದಿ ಸಾರುತ್ತಿತ್ತು: ಪಾಳಿ ಉದ್ದ ಇದೆ, ಬರಬೇಡಿ.

ಶೈಲಶ್ರೀ ಬಂದು ಖಾಲಿ ಇಂಜಿನ್ನಿನ ಕೂಗನ್ನು ಹಿಡಿದುಕೊಂಡು ಹೋದಳು. ಅದನ್ನು ಹಾಕಿದ ದಿನ ಮಂದಿ ಬಂದರು. ಮರುದಿನ ಮೋಡ ಕವಿಯಿತು. ಫಲಕಗಳ ಮೇಲೆ ಬಿಸಿಲೇ ಬೀಳಲಿಲ್ಲ, ಹಸಿರು ಯಂತ್ರ ಅಲ್ಲಾಡಲಿಲ್ಲ. ಆದರೆ ಸ್ಪೀಕರಿನ ಬ್ಯಾಟರಿಗೆ ಮೋಡ ಗೊತ್ತಿರಲಿಲ್ಲ. ಹೊತ್ತಾದ ಕೂಡಲೇ ಅದು ಲವಲವಿಕೆಯಿಂದ ಕೂಗಿತು. ನಾಗರತ್ನಾ ಹೊಲದಲ್ಲಿದ್ದಳು. ಓಡಿ ಬರುವಷ್ಟರಲ್ಲಿ ಜಿಟಿಜಿಟಿ ಮಳೆಯಲ್ಲಿ, ಸೆರಗನ್ನು ಡಬ್ಬಿಗೆ ಹೊದಿಸಿಕೊಂಡು, ಹೆಂಗಸರು ಬೀಗ ಹಾಕಿದ ಬಾಗಿಲಿನ ಮುಂದೆ ನಿಂತಿದ್ದರು. ತಲೆಯ ಮೇಲೆ ಗಿರಣಿ ಕೂಗುತ್ತಲೇ ಇತ್ತು.

“ಇದೇನ ಚಾಷ್ಟಿ ಮಾಡತೀಯೇನ?” ಎಂದಳು ರಾಯವ್ವ. ಅವಳ ಹಣೆಯ ಕುಂಕುಮ ಇಳಿದು ಮೂಗಿನ ಮೇಲೆ ಬಂದಿತ್ತು. “ಒಳಗ ಇಂಜಿನ್ ಇಲ್ಲ, ಮ್ಯಾಲೆ ಬಾಯಿ ಐತಿ!”

ಆಮೇಲೆ ಸ್ಪೀಕರನ್ನು ಯಾರೂ ನಂಬಲಿಲ್ಲ. ಅದು ಖರೇ ಕೂಗಿದ ದಿನವೂ ನಂಬಲಿಲ್ಲ. ಕಡೆಗೆ ಅದರ ವಾಯರು ಕಿತ್ತರು. ಗುಬ್ಬಿಯೊಂದು ಅದರೊಳಗೆ ಹುಲ್ಲು ತುಂಬಿತು.

ಮತ್ತೆ ಮಾಂತೇಶನೇ ಬೇಕಾದ. ಈಗ ಅವನಿಗೆ ಅದು ಗೊತ್ತಿತ್ತು. ಕರೆಯದೆ ಬರುವುದನ್ನು ಬಿಟ್ಟ. ಬಿಸಿಲೇರಿದ ಮೇಲೆ ನಾಗರತ್ನಾ ಅವನ ಬಾಗಿಲಿಗೆ ಹೋಗಿ ನಿಲ್ಲಬೇಕಿತ್ತು. ಅವನ ಹೆಂಡತಿ ಮಾಯವ್ವ, “ಜಳಕಕ್ಕ ಹೋಗ್ಯಾರ ಅಕ್ಕಾ,” ಎನ್ನುವಳು. ಅಥವಾ, “ಈಗರ ಉಣ್ಣಾಕ ಕುಂತಾರ.” ಮಾಯವ್ವನ ಕಣ್ಣಿನಲ್ಲಿ ಸಣ್ಣ ನಾಚಿಕೆಯಿತ್ತು, ಆದರೂ ಹೇಳುತ್ತಿದ್ದಳು. ಒಂದು ದಿನ ಮಾಂತೇಶ ಒಳಗಿನಿಂದಲೇ ಕೂಗಿದ: “ಗಿರಣಿ ಬಾಗಲದ ಮ್ಯಾಲೆ ಒಂದು ಬೋರ್ಡ್ ಹಾಕಸೂಣು ವೈನಿ. ಮಾಂತೇಶ ಹಿಟ್ಟಿನ ಗಿರಣಿ ಅಂತ. ಮಂದಿ ಹೆಂಗಿದ್ರೂ ಹಂಗ ಅಂತಾರ.”

ಅವನು ತಮಾಷೆ ಮಾಡುತ್ತಿದ್ದನೋ ಏನೋ. ನಾಗರತ್ನಾ ಗಿರಣಿಗೆ ತಿರುಗಿ ಬಂದಳು.

ಆ ಮಧ್ಯಾಹ್ನ ಮಡಿವಾಳೆಪ್ಪ ಗುಡ್ಡದಿಂದ ಇಳಿದು ಬಂದು ಉಣ್ಣುತ್ತಿದ್ದ. ರೊಟ್ಟಿ ಬಡಿಸುತ್ತಾ ಅವಳು ಕೇಳಿದಳು:

“ಹ್ಯಾಂಡಲ್ ಹೊಡಿಯೂದ ಕಲಸ್ರಿ ನನಗ.”

ಅವನು ತನ್ನ ಸೊಟ್ಟ ಮುಂಗೈಯನ್ನು ನೋಡಿಕೊಂಡ. “ನನ್ನ ಕಡೆ ಕಲೀತಿಯೇನ? ಕೈ ಮುರಕೊಂಡಂವನ ಕಡೆ?”

“ಹೆಂಗ ಮುರೀತಂತ ಗೊತ್ತಿದ್ದಂವರು ನೀವ ಒಬ್ಬರ.”

ಅವನು ರೊಟ್ಟಿ ಮುರಿದು, ಪಲ್ಯಕ್ಕೆ ಅದ್ದಿ, ಬಾಯಿಗೆ ಹಾಕದೆ ಕುಳಿತ. “ಹೆಬ್ಬಟ್ಟು,” ಎಂದ. “ಹ್ಯಾಂಡಲ್ ಸುತ್ತ ಹೆಬ್ಬಟ್ಟು ಬಿಗದು ಹಿಡದಿದ್ನಿ. ಅದು ಒದ್ದಾಗ ಕೈ ಬಿಡಾಕ ಆಗಲಿಲ್ಲ. ಹೆಬ್ಬಟ್ಟು ಉಳದ ಬೆರಳಿನ ಕೂಡನ ಇರಬೇಕು, ಒಂದ ಬಾಜೂಕ. ಒದ್ರ ಜಾರಿ ಹೊಕ್ಕೈತಿ.”

ಉಂಡ ಮೇಲೆ ಗಿರಣಿಯ ಬಾಗಿಲು ಮುಂದೆ ಮಾಡಿಕೊಂಡು ತೋರಿಸಿದ. ಅವನ ಕೈಯಲ್ಲಿ ಬಲವಿರಲಿಲ್ಲ, ಹೆಬ್ಬಟ್ಟನ್ನು ಎಲ್ಲಿಡಬೇಕು ಎಂದು ತೋರಿಸುವಷ್ಟು ಇತ್ತು. ಅವಳು ಸೀರೆಯನ್ನು ಕಚ್ಚೆಯ ಹಾಗೆ ಎತ್ತಿ ಸಿಕ್ಕಿಸಿದಳು. ಮೊದಲ ದಿನ ಚಕ್ರ ಅರ್ಧ ಸುತ್ತು ಬಂದು ನಿಂತಿತು. ಎರಡು ದಿನ ಭುಜ ಎತ್ತಲಾಗಲಿಲ್ಲ. ಕೆಂಚವ್ವ ಎಣ್ಣೆ ಕಾಸಿ ಹಚ್ಚಿದಳು, ಏಕೆಂದು ಕೇಳಲಿಲ್ಲ. ಗಂಡ ಮಧ್ಯಾಹ್ನ ಬಂದಾಗಲೆಲ್ಲ ಅವಳು ಹ್ಯಾಂಡಲ್ ಹಿಡಿದಳು. ಚಕ್ರ ತಿರುಗಿತು, ಕೀಲು ಬಿಡುವ ಹೊತ್ತು ತಪ್ಪಿತು. ಒಮ್ಮೆ ಒದೆಯಿತು. ಹ್ಯಾಂಡಲ್ ಅಂಗೈಯಿಂದ ಜಾರಿ ಗೋಡೆಗೆ ಬಡಿಯಿತು, ಕೈ ಕೈಯಾಗಿಯೇ ಉಳಿಯಿತು. ಮಡಿವಾಳೆಪ್ಪ ಸ್ವಲ್ಪ ಹೊತ್ತು ಅವಳ ಮುಂಗೈಯನ್ನೇ ನೋಡುತ್ತಾ ನಿಂತಿದ್ದ.

ಸೀಗಿ ಹುಣ್ಣಿಮೆಯ ಹಿಂದಿನ ದಿನ ಮಾಂತೇಶ ಸವದತ್ತಿಯ ಸಂತೆಗೆ ಹೋಗಿದ್ದ. ಮರುದಿನ ಭೂಮಿತಾಯಿಗೆ ಚರಗ ಚೆಲ್ಲಲು ಹೊಲಕ್ಕೆ ಕಟ್ಟಿಕೊಂಡು ಹೋಗುವ ಬುತ್ತಿಗೆ ಮನೆಮನೆಗೂ ಹಿಟ್ಟು ಬೇಕಿತ್ತು. ಮೇಲೆ ಬಿಸಿಲಿತ್ತು. ನಾಗರತ್ನಾ ಸೀರೆ ಸಿಕ್ಕಿಸಿದಳು, ಹ್ಯಾಂಡಲ್ ತೂರಿಸಿದಳು, ಹೆಬ್ಬಟ್ಟನ್ನು ಬೆರಳುಗಳ ಬದಿಗಿಟ್ಟಳು. ಇಂಜಿನ್ನು ಸೀನಿತು, ಕೆಮ್ಮಿತು, ಹಿಡಿದುಕೊಂಡಿತು.

ತಂಬಿಗೆ ಕೂಗಿದಾಗ ಅವಳು ಒಂದು ಹೆಜ್ಜೆ ಹಿಂದೆ ಸರಿದಳು, ಅದು ತನ್ನನ್ನೇ ಕರೆದ ಹಾಗೆ.

ರಾಯವ್ವ ಡಬ್ಬಿ ಹೊತ್ತು ಬಂದು ಒಳಗೆಲ್ಲ ಹುಡುಕಿದಳು. “ಮಾಂತೇಶ ಎಲ್ಲವಾ?”

“ಸವದತ್ತಿಗೆ ಹೋಗ್ಯಾನ.”

“ಮತ್ತ ಇದನ್ನ ಹೊಡದವರ್ಯಾರು?”

ನಾಗರತ್ನಾ ಇಂಜಿನ್ ನಿಲ್ಲಿಸಲು ಬಗ್ಗಿದಳು. ಅವಳ ರವಿಕೆ ಬೆನ್ನಿಗೆ ಅಂಟಿತ್ತು, ಕಿವಿಯ ಪಕ್ಕದಲ್ಲಿ ಕರಿ ಎಣ್ಣೆಯ ಗೆರೆ. ರಾಯವ್ವ ಅದನ್ನು ನೋಡಿದಳು, ಎತ್ತಿ ಸಿಕ್ಕಿಸಿದ ಸೀರೆಯನ್ನು ನೋಡಿದಳು, “ಅಯ್ಯ ನನ್ನ ಶಿವನ,” ಎಂದಳು. ಆಮೇಲೆ ಡಬ್ಬಿಯನ್ನು ಅವಳ ಕೈಗೇ ಕೊಟ್ಟಳು.

“ಸಣ್ಣಗ ಬೀಸು ತಂಗೀ.”

ದೀಪಾವಳಿ ಹತ್ತಿರ ಬಂತು. ಶೈಲಶ್ರೀ ಈ ಸಲ ಹೇಳಿಯೇ ಬಂದಳು. ಗಿರಣಿಯ ಮುಂದೆ ಚಾಪೆ ಹಾಸಿ ಕೂರಿಸಿದರು. ಮಡಿವಾಳೆಪ್ಪ ಹೊಸ್ತಿಲ ಮೇಲೆ ಕುಳಿತ, ಕೆಂಚವ್ವ ಗೋಡೆಗೆ ಒರಗಿದಳು. ಮಾಂತೇಶ ತಕ್ಕಡಿಯ ಪೆಟ್ಟಿಗೆಯ ಮೇಲಿದ್ದ. ಜೋಳ ಬೀಸಲು ಬಂದಿದ್ದ ರಾಯವ್ವ, ಮಾತು ಕೇಳಲೆಂದು ಉಳಿದಳು. ನಾಗರತ್ನಾ ಚಹಾ ಕೊಟ್ಟು ಬಾಗಿಲ ಪಕ್ಕ ನಿಂತಳು.

“ನೀವು ಬೀಸಿದ್ದು ನೋಡಿ ನಮ್ಮ ಸಾಹೇಬ್ರು ಭಾಳ ಖುಷಿ ಆಗ್ಯಾರ್ರಿ ಅಕ್ಕಾ,” ಎಂದಳು ಶೈಲಶ್ರೀ. “ಮಷೀನ್ ನಿಮ್ಮ ಹೆಸರಿಗೆ ಮಾಡತಾರ. ಇದಕ್ಕಿಂತ ದೊಡ್ಡದು, ಮೋಡ ಇದ್ರೂ ನಡಿಯೂದು, ಬ್ಯಾಟರಿದು, ಅದೂ ಕೊಡತಾರ. ಆದ್ರ…” ಅವಳು ಬಟ್ಟಲನ್ನು ಕೆಳಗಿಟ್ಟಳು. “ಈ ಇಂಜಿನ್ ಒಂದು. ಮಷೀನ್ ತಗೊಂಡ ಮನಿಯವರ ಕಡೆ ಡೀಸೆಲ್ ಇಂಜಿನ್ ಇರಬಾರದು ಅಂತ ನಿಯಮ ಐತ್ರಿ. ನಾನ ಇಷ್ಟ ದಿನಾ ಮುಚ್ಚಿಟ್ಟೇನಿ. ನೋಡಾಕ ಬಂದಾಗ ಇದು ಇಲ್ಲೇ ಇತ್ತಂದ್ರ ಮಷೀನ್ ಸುರೇಬಾನಕ್ಕ ಹೊಕ್ಕೈತಿ. ನನ್ನ ಕೈಯಾಗೂ ಏನೂ ಇಲ್ಲ.”

“ಇಂಜಿನ್ ಹ್ವಾದ್ರ ಮಂದಿ ಬರೂದಿಲ್ಲವಾ,” ಎಂದಳು ಕೆಂಚವ್ವ. “ಕೂಗವರ್ಯಾರು? ನಾ ಕೂಗಲೇನು ಮಾಡ ಹತ್ತಿ?”

ರಾಯವ್ವ ನಕ್ಕಳು. ಗುಡ್ಡದ ಮೇಲೆ ಫ್ಯಾನುಗಳು ತಮ್ಮ ಪಾಡಿಗೆ ತಿರುಗುತ್ತಿದ್ದವು.

ಮಾಂತೇಶ ಪೆಟ್ಟಿಗೆಯಿಂದ ಎದ್ದ. ಅವನು ಇದನ್ನು ಮೊದಲೇ ಯೋಚಿಸಿಕೊಂಡು ಬಂದಿದ್ದನೆಂಬುದು ನಿಂತ ಠೀವಿಯಲ್ಲೇ ಗೊತ್ತಾಗುತ್ತಿತ್ತು.

“ಇದಕ್ಕ್ಯಾಕ ಇಷ್ಟ ತಲಿ ಕೆಡಿಸಿಕೊಳ್ಳತೀರಿ? ನಮ್ಮ ರೇಷನ್ ಕಾರ್ಡ್ ಬ್ಯಾರೆ, ಮನಿ ಬ್ಯಾರೆ. ಇಂಜಿನ್ ನಾ ಒಯ್ತೇನಿ. ನಮ್ಮ ಹಿತ್ತಲದಾಗ ಒಂದು ತಗಡ ಹೊಚ್ಚಿ ಕೂಡಸತೇನಿ, ತಂಬಗಿ ಸುದ್ದಾ. ದಿನಾ ಮುಂಜಾನೆ ನಾನ ಹೊಡಿತೇನಿ, ಡೀಸೆಲ್ಲೂ ನಂದ. ಅಲ್ಲಿ ಕೂಗತೈತಿ, ಇಲ್ಲಿ ಮಂದಿ ಬರತಾರ. ವೈನಿ ಒಂದು ಪೈಸಾ ಕೊಡೂದು ಬ್ಯಾಡ. ನಾ ಇನ್ನ ಈ ಪೆಟಗಿ ಮ್ಯಾಲೂ ಕುಂದರೂದಿಲ್ಲ, ಆತಿಲ್ಲ?” ಎಂದು ನಕ್ಕು ಹ್ಯಾಂಡಲ್ಲನ್ನು ಗೂಟದಿಂದ ಎತ್ತಿ ಹೆಗಲ ಮೇಲಿಟ್ಟುಕೊಂಡ.

ಶೈಲಶ್ರೀಯ ಮುಖ ಅರಳಿತು. “ಅಣ್ಣಾರ, ಇದು ಛಲೋ ಆತ್ ನೋಡ್ರಿ! ನಿಯಮದಾಗೂ ಕೂಡ್ರತೈತಿ.”

“ಅಣ್ಣತಮ್ಮರಂದ್ರ ಹಿಂಗಿರಬೇಕು,” ಎಂದಳು ರಾಯವ್ವ.

ಕೆಂಚವ್ವ ಸಣ್ಣ ಮಗನನ್ನು ನೋಡಿದಳು, ದೊಡ್ಡ ಸೊಸೆಯನ್ನು ನೋಡಿದಳು. “ಪುಕ್ಕಟ ಅಂತಾನ ನೋಡವಾ. ಮೊದಲನೇ ಸಲ ಅಂದಾನ ಹುಟ್ಟಿದಾಗಿಂದ. ಹೂಂ ಅಂದಬಿಡು.”

ಮಡಿವಾಳೆಪ್ಪ ಸೊಟ್ಟ ಕೈಯಿಂದ ಹೊಸ್ತಿಲ ಮೇಲಿನ ಹಿಟ್ಟಿನ ಧೂಳನ್ನು ಒರೆಸುತ್ತಿದ್ದ.

ಎಲ್ಲರೂ ನಾಗರತ್ನಾಳತ್ತ ತಿರುಗಿದರು. ಕಿಟಕಿಯ ಬಿಸಿಲು ಹಸಿರು ಯಂತ್ರದ ಮೇಲೆ ಬಿದ್ದಿತ್ತು. ಅದು ತಿರುಗುತ್ತಿತ್ತೋ ಇಲ್ಲವೋ ಅಲ್ಲಿಂದ ಗೊತ್ತಾಗುತ್ತಿರಲಿಲ್ಲ. ಅದನ್ನು ಅವಳು ಒಂದು ಗಳಿಗೆ ನೋಡಿದಳು. ಆಮೇಲೆ ಗೂಟಕ್ಕೆ ಜೋತುಬಿದ್ದ ಪಟ್ಟಾವನ್ನು, ಗೋಣಿಚೀಲ ಹೊದ್ದ ದೊಡ್ಡ ಕಲ್ಲನ್ನು. ಹಸಿರು ಯಂತ್ರ ಸುರೇಬಾನಕ್ಕೆ ಹೋದರೂ ಇವು ಇಲ್ಲೇ ಉಳಿಯುತ್ತಿದ್ದವು. ಇಂಜಿನ್ನು ಆ ಹಿತ್ತಲು ಸೇರಿದ ಮೇಲೆ ದಿನಾ ಬಿಸಿಲೇರಿದಾಗ ಮಾಯವ್ವ ಬಾಗಿಲಿಗೆ ಬಂದು, ಜಳಕಕ್ಕ ಹೋಗ್ಯಾರ ಅಕ್ಕಾ, ಎನ್ನುವುದು ಅವಳಿಗೆ ಈಗಲೇ ಕೇಳಿಸಿತು. ಅವಳು ಮುಂದೆ ಬಂದು, ಮಾಂತೇಶನ ಹೆಗಲ ಮೇಲಿದ್ದ ಹ್ಯಾಂಡಲ್ಲಿಗೆ ಕೈಹಾಕಿದಳು. ಹೆಬ್ಬಟ್ಟು ಉಳಿದ ಬೆರಳುಗಳ ಬದಿಗೇ ಇತ್ತು.

“ಪುಕ್ಕಟ ವೈನಿ,” ಎಂದ ಮಾಂತೇಶ. “ಏನೂ ಬ್ಯಾಡ ಅನ್ನಾಕ ಹತ್ತೇನಿ. ಇದರಾಗ ನಿನಗೇನ್ ಲುಕ್ಸಾನ?”

“ಒಲ್ಲೆ,” ಎಂದಳು ನಾಗರತ್ನಾ.